ಕೈಗವಸು ಕಾಯುವುದು ಯಾರನ್ನು?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳೇ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಊರಿನ ನೆನಪು, ಹೀಗೆ ಒಂದಲ್ಲ ಒಂದು ನೆಪ. ಆದರೆ ಈ ಸಲ ಬಂದ ಒಂದು ಕಾಗದದಲ್ಲಿ ಹಾಡಿನ ಹೆಸರೇ ಇರಲಿಲ್ಲ. ಬರೆದವರು ನಮ್ಮ ಹಳೆಯ ಕೇಳುಗರು, ಅರವತ್ತು ದಾಟಿದ ಅಮ್ಮ. ಮಗನಿಗೆ ವರ್ಗವಾದದ್ದರಿಂದ ಯಜಮಾನರ ಜೊತೆ ಈಗ ಗನ್ನವರಂನಲ್ಲಿದ್ದಾರೆ. ವಿಜಯವಾಡಕ್ಕೆ ವಿಮಾನದಲ್ಲಿ ಹೋದವರು ಇಳಿಯುವ ಊರು ಅದೇ.

ಕಾಗದದ ಸಾರಾಂಶ ಇಷ್ಟು. ಯಜಮಾನರಿಗೆ ಹರ್ನಿಯಾ ಆಪರೇಷನ್ ಆಯಿತು. ಮೂರನೆಯ ದಿನ ಡ್ರೆಸ್ಸಿಂಗ್ ಬದಲಿಸಲು ಬಂದ ಹುಡುಗಿ ಗ್ಲೌಸ್ ಹಾಕಿಕೊಂಡೇ ಬಂದಳು. ಅದೇ ಕೈಯಲ್ಲಿ ಪರದೆ ಸರಿಸಿದಳು, ಕೇಸ್ ಶೀಟ್ ಬರೆದಳು, ಪಕ್ಕದ ಮಂಚದವರ ಕೊಳವೆ ಸರಿಮಾಡಿದಳು, ಆಮೇಲೆ ಇವರ ಗಾಯದ ಬಟ್ಟೆ ಬಿಚ್ಚಿದಳು. ಅಮ್ಮನಿಗೆ ಕೇಳಲು ಬಾಯಿ ಬರಲಿಲ್ಲ. ತೆಲುಗು ಅಷ್ಟಕ್ಕಷ್ಟೇ, ಅವಳೋ ಓದಿದ ಹುಡುಗಿ. ಕೆಲಸ ಮುಗಿಸಿ ಅವಳು ಗ್ಲೌಸ್ ಕಳಚಿದಾಗ ನೋಡಿದರೆ ಬೆರಳಿನ ಸಂದಿಯೆಲ್ಲ ಕೆಂಪಗೆ ಒಡೆದಿತ್ತಂತೆ. "ಅಯ್ಯೋ ಪಾಪ ಅನ್ನಿಸಿತು. ಆ ಗ್ಲೌಸ್ ಅವಳನ್ನೂ ಕಾಯಲಿಲ್ಲ, ನಮ್ಮವರನ್ನೂ ಕಾಯಲಿಲ್ಲ ಅಂದಮೇಲೆ ಅದು ಕಾಯುವುದು ಯಾರನ್ನು? ಮುಂದಿನ ಸಲ ನಾನು ಬಾಯಿಬಿಟ್ಟು ಕೇಳಬಹುದಾ?" ಎಂದು ಕೊನೆಯಲ್ಲಿ ಬರೆದಿದ್ದಾರೆ.

ನಾನು ವೈದ್ಯಳಲ್ಲ, ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕುಳಿತವಳು. ಆದರೂ ಈ ಪ್ರಶ್ನೆ ನನ್ನನ್ನು ಪುಸ್ತಕಗಳ ಕಡೆ ಓಡಿಸಿತು. ಕೈಗವಸಿನ ಇತಿಹಾಸವೆಲ್ಲ ಇದೊಂದೇ ಪ್ರಶ್ನೆಯ ಸುತ್ತ ತಿರುಗಿದೆ ಎಂದು ಅಲ್ಲಿ ತಿಳಿಯಿತು. ಕೈ ಯಾರದು, ಕಾಯಬೇಕಾದದ್ದು ಯಾರನ್ನು? ಬನ್ನಿ, ಮೊದಲಿನಿಂದ ನೋಡೋಣ.

ಕೈಗವಸಿಗಿಂತ ಮೊದಲು ಕೈಯ ಕಥೆ. 1847ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನಿದ್ದ. ಅಲ್ಲಿ ಎರಡು ಹೆರಿಗೆ ವಿಭಾಗಗಳು. ಒಂದನ್ನು ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ಬಾಣಂತಿ ಜ್ವರದಿಂದ ಹೆಚ್ಚು ಹೆಂಗಸರು ಸಾಯುತ್ತಿದ್ದದ್ದು ವೈದ್ಯರ ವಿಭಾಗದಲ್ಲಿ! ಕಾರಣ ಯಾರಿಗೂ ಹೊಳೆದಿರಲಿಲ್ಲ. ಆ ವರ್ಷ ಸೆಮ್ಮೆಲ್‌ವೈಸನ ಗೆಳೆಯ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಾಗಿತು. ಆತ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ದೇಹದಲ್ಲಿ ಕಂಡದ್ದು ಬಾಣಂತಿಯರ ದೇಹದಲ್ಲಿ ಕಂಡಂಥದ್ದೇ ರೋಗ. ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸಲು ಬರುತ್ತಿದ್ದಾರೆ ಎಂಬುದು ಸೆಮ್ಮೆಲ್‌ವೈಸನಿಗೆ ಆಗ ಅರಿವಾಯಿತು. ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದ. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು.

ಸನ್ಮಾನವಾಗಬೇಕಿತ್ತು ಅಲ್ಲವೇ? ಆಗಲಿಲ್ಲ. ವೈದ್ಯನ ಕೈಯೇ ಸಾವು ತರುತ್ತದೆ ಎಂಬ ಮಾತನ್ನು ದೊಡ್ಡವರು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಗಾಯದ ನಂಜೇರಿ ಸತ್ತ. ಎರಡು ವರ್ಷದ ಮೇಲೆ, 1867ರಲ್ಲಿ, ಗ್ಲಾಸ್ಗೋ ನಗರದ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ನಂಜು ತಡೆಯುವ ವಿಧಾನವನ್ನು ಪ್ರಕಟಿಸಿದರು. ನಿಧಾನವಾಗಿ ಜಗತ್ತು ನಂಬತೊಡಗಿತು. ಆಪರೇಷನ್ ಎಂದರೆ ಕೈ, ಕತ್ತರಿ, ದಾರ, ಬಟ್ಟೆ ಎಲ್ಲವೂ ಔಷಧಿ ನೀರಿನಲ್ಲಿ ನೆನೆಯಬೇಕು ಎಂದಾಯಿತು.

ಇಲ್ಲಿಂದ ಹೊಸ ತೊಂದರೆ ಶುರು. ಕ್ರಿಮಿಯನ್ನು ಕೊಲ್ಲುವ ನೀರು ಚರ್ಮವನ್ನು ಬಿಡುತ್ತದೆಯೇ?

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ತೆರೆದದ್ದು 1889ರಲ್ಲಿ. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ಅವರ ಆಪರೇಷನ್ ಕೋಣೆಯ ಮುಖ್ಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ದಿನವೂ ಪಾದರಸದ ಕ್ಲೋರೈಡ್ ಬೆರೆತ ನೀರಿನಲ್ಲಿ ಕೈ ಅದ್ದಿ ಅದ್ದಿ ಅವರ ಕೈ, ಮೊಳಕೈಯೆಲ್ಲ ಹುಣ್ಣಾಯಿತು. ಕೆಲಸ ಬಿಡಬೇಕಾದ ಸ್ಥಿತಿ ಬಂತು. ಆ ಚಳಿಗಾಲದಲ್ಲಿ ಹಾಲ್‌ಸ್ಟೆಡ್ ನರ್ಸಿನ ಕೈಯ ಅಚ್ಚು ತೆಗೆಸಿ, ನ್ಯೂಯಾರ್ಕಿನ ಗುಡ್‌ಇಯರ್ ರಬ್ಬರ್ ಕಂಪನಿಗೆ ಕೊಟ್ಟು, ತೆಳುವಾದ ಎರಡು ಜೊತೆ ರಬ್ಬರ್ ಕೈಗವಸು ಮಾಡಿಸಿದರು. ಇಂದು ಟೈರಿನಿಂದ ಹೆಸರಾದ ಗುಡ್‌ಇಯರ್ ಬೇರೆ, ಅದು ಹುಟ್ಟಿದ್ದು 1898ರಲ್ಲಿ. ಎರಡು ಹೆಸರೂ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರದೇ.

ಕೈಗವಸು ಚೆನ್ನಾಗಿ ಕೆಲಸ ಮಾಡಿತು. ಮಾರನೆಯ ವರ್ಷ, 1890ರ ಜೂನ್‌ನಲ್ಲಿ, ಹಾಲ್‌ಸ್ಟೆಡ್ ಮತ್ತು ಕ್ಯಾರೊಲಿನ್ ಮದುವೆಯಾದರು. ಈ ಕಥೆಯನ್ನು ಪ್ರೇಮಕಥೆ ಎಂದೇ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೊಂದು. ಆ ಕೈಗವಸು ಮಾಡಿಸಿದ್ದು ರೋಗಿಗಾಗಿ ಅಲ್ಲ, ಒಡೆದುಹೋಗುತ್ತಿದ್ದ ಒಬ್ಬ ನರ್ಸಿನ ಕೈಗಾಗಿ. ಗನ್ನವರಂ ಅಮ್ಮ ಕಂಡ ಹುಡುಗಿಯ ಕೈ ನೆನಪಿಗೆ ಬಂತೇ?

ಇನ್ನೂ ಸೋಜಿಗದ ಸಂಗತಿ ಕೇಳಿ. ಅದೇ ಕೋಣೆಯಲ್ಲಿ ಸಹಾಯಕರು ಒಬ್ಬೊಬ್ಬರಾಗಿ ಕೈಗವಸು ಹಾಕಿಕೊಳ್ಳತೊಡಗಿದರೂ, ಚಾಕು ಹಿಡಿಯುವ ವೈದ್ಯ ಪ್ರತಿ ಆಪರೇಷನ್ನಿಗೂ ತಪ್ಪದೆ ಹಾಕಿಕೊಳ್ಳುವ ಪದ್ಧತಿ ಬರಲು ಆರೇಳು ವರ್ಷ ಹಿಡಿಯಿತು. ಕೈಗವಸು ಹಾಕಿದರೆ ಬೆರಳಿನ ಸ್ಪರ್ಶ ಮಂಕಾಗುತ್ತದೆ ಎಂಬುದು ಶಸ್ತ್ರವೈದ್ಯರ ತಕರಾರು. ಹಾಲ್‌ಸ್ಟೆಡ್ ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್ 1896ರಿಂದ ಎಲ್ಲ ಆಪರೇಷನ್ನಿಗೂ ಕೈಗವಸು ತೊಟ್ಟರು. 1899ರಲ್ಲಿ 450ಕ್ಕೂ ಹೆಚ್ಚು ಹರ್ನಿಯಾ ಆಪರೇಷನ್ನುಗಳ ಲೆಕ್ಕ ಪ್ರಕಟಿಸಿದರು. ಕೈಗವಸಿಗೆ ಮೊದಲು ನೂರಕ್ಕೆ 17 ಗಾಯಗಳಿಗೆ ನಂಜಾಗುತ್ತಿತ್ತು, ಆಮೇಲೆ ಎರಡಕ್ಕಿಂತ ಕಡಿಮೆ! ಹೌದು, ಗನ್ನವರಂ ಯಜಮಾನರಿಗೆ ಆದ ಅದೇ ಹರ್ನಿಯಾ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು ನಮಗೆ ಕಾಣದೇ ಹೋಯಿತಲ್ಲ ಎಂದು ಹಾಲ್‌ಸ್ಟೆಡ್ ಆಮೇಲೆ ತಾವೇ ಅಚ್ಚರಿಪಟ್ಟರು. ನರ್ಸಿನ ಕೈ ಕಾಯಲು ಬಂದದ್ದು ರೋಗಿಯ ಹೊಟ್ಟೆಯನ್ನೂ ಕಾಯುತ್ತದೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ.

ಬ್ಲಡ್‌ಗುಡ್ ಲೆಕ್ಕ ಬರೆಯುತ್ತಿದ್ದ ಕಾಲಕ್ಕೆ ನಮ್ಮ ಕಡೆ ಏನಾಗುತ್ತಿತ್ತು? ಗನ್ನವರಂನಿಂದ ಕೃಷ್ಣಾ ನದಿ ದಾಟಿ ಸ್ವಲ್ಪ ದೂರ ಹೋದರೆ ಗುಂಟೂರು. ಅಲ್ಲಿಗೆ 1883ರಲ್ಲಿ ಬಂದ ಅಮೆರಿಕದ ವೈದ್ಯೆ ಅನ್ನಾ ಕುಗ್ಲರ್ 1898ರಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ತೆರೆದರು. 1930ರಲ್ಲಿ ಗುಂಟೂರಿನಲ್ಲೇ ತೀರಿಕೊಂಡರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಹಾಗೆ ನೋಡಿದರೆ ನಮ್ಮ ಊರುಗಳ ದೊಡ್ಡಾಸ್ಪತ್ರೆಗಳೂ ಶಸ್ತ್ರವೈದ್ಯರ ಕೈಗವಸೂ ಹೆಚ್ಚುಕಮ್ಮಿ ಒಂದೇ ಓರಗೆಯವು.

ಆದರೆ ಕೈಗವಸು ನಮ್ಮಲ್ಲಿ ಬಹುಕಾಲ ಬದುಕಿದ್ದು ಬೇರೆಯೇ ರೀತಿಯಲ್ಲಿ. ನಿಮ್ಮ ಮನೆಯಲ್ಲಿ ಹಳೆಯ ಕಾಲದ ಸಿಸ್ಟರ್ ಇದ್ದರೆ ಕೇಳಿ ನೋಡಿ. ಆಪರೇಷನ್ ಮುಗಿದ ಮೇಲೆ ಗ್ಲೌಸ್‌ಗಳನ್ನು ಎಸೆಯುತ್ತಿರಲಿಲ್ಲ. ಆಯಾಗಳು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಒಳಮೈ ಹೊರಮೈ ತಿರುಗಿಸಿ ಒಣಗಲು ಹಾಕುತ್ತಿದ್ದರು. ಒಣಗಿದ ಮೇಲೆ ಬಲೂನಿನಂತೆ ಗಾಳಿ ತುಂಬಿ ತೂತಿದೆಯೇ ಎಂದು ನೋಡಬೇಕು. ತೂತಿಲ್ಲದ್ದಕ್ಕೆ ಪುಡಿ ಉದುರಿಸಿ, ಅಳತೆ ನೋಡಿ ಜೋಡಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಡ್ರಮ್ಮಿಗೆ ತುಂಬಿ ಆಟೋಕ್ಲೇವ್‌ಗೆ ಕಳಿಸಬೇಕು. ರಬ್ಬರ್ ಸೋತು ಅಂಟುವವರೆಗೂ ಒಂದೇ ಜೊತೆ ಎಷ್ಟೋ ಆಪರೇಷನ್ನು ಕಂಡಿರುತ್ತಿತ್ತು. ಆಸ್ಪತ್ರೆಯ ಹಿಂಬದಿಯ ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದ ಆ ರಬ್ಬರ್ ಕೈಗಳನ್ನು ನೋಡಿದವರು ನಮ್ಮ ಕೇಳುಗರಲ್ಲೂ ಇದ್ದೀರಿ. ವೈದ್ಯರ ಕೈಯನ್ನು ಕಾಯುತ್ತಿದ್ದ ಆ ಕೈಗವಸನ್ನು ಬರಿಗೈಯಲ್ಲಿ ತೊಳೆಯುತ್ತಿದ್ದ ಆಯಾಳ ಕೈಯನ್ನು ಕಾಯುವವರು ಯಾರಿದ್ದರು?

ಅಂದ ಹಾಗೆ ಆ ಪುಡಿಯದೂ ಒಂದು ಕಥೆ. ಒದ್ದೆ ಕೈಗೆ ರಬ್ಬರ್ ಸುಲಭವಾಗಿ ಏರುವುದಿಲ್ಲ. ಅದಕ್ಕೆ ಟಾಲ್ಕಂ ಪುಡಿ ಬಂತು. ಪುಡಿ ಗಾಯದೊಳಗೆ ಬಿದ್ದರೆ ದೇಹ ಅದನ್ನು ಅರಗಿಸಿಕೊಳ್ಳದು. ಸುತ್ತ ಗಂಟು ಕಟ್ಟುತ್ತದೆ, ಕರುಳು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಇದು ತಿಳಿದ ಮೇಲೆ 1940ರ ದಶಕದ ಕೊನೆಗೆ ಮೆಕ್ಕೆಜೋಳದ ಪಿಷ್ಟದ ಪುಡಿ ಬಂತು. ಅದೂ ಪೂರ್ತಿ ನಿರಪಾಯವಲ್ಲ ಎಂದು ಆಮೇಲೆ ಗೊತ್ತಾಯಿತು. ಕಡೆಗೆ ಪುಡಿ ಹಾಕಿದ ವೈದ್ಯಕೀಯ ಕೈಗವಸುಗಳನ್ನು ಅಮೆರಿಕ 2017ರ ಜನವರಿಯಿಂದ ನಿಷೇಧಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲದ ಅಭ್ಯಾಸ ಬಿಡಲು ಅಷ್ಟು ಸಮಯ ಬೇಕಾಯಿತು ನೋಡಿ.

1960ರ ದಶಕದಲ್ಲಿ ಒಮ್ಮೆ ಬಳಸಿ ಎಸೆಯುವ ಕೈಗವಸು ಮಾರುಕಟ್ಟೆಗೆ ಬಂತು. ಆದರೆ ಅದನ್ನು ಪ್ರತಿ ವಾರ್ಡಿಗೂ ತಂದದ್ದು ಒಂದು ಭಯ. 1986ರಲ್ಲಿ ಅಂದಿನ ಮದ್ರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಡೆಸಿದ ಪರೀಕ್ಷೆಗಳಿಂದ ಭಾರತದಲ್ಲಿ ಎಚ್‌ಐವಿ ಇದೆಯೆಂದು ಮೊದಲು ತಿಳಿಯಿತು. ಮರುವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಸೂತ್ರ ಹೇಳಿತು. ಯಾರಿಗೆ ರೋಗವಿದೆ, ಯಾರಿಗಿಲ್ಲ ಎಂದು ಮುಖ ನೋಡಿ ಹೇಳಲಾಗದು, ಆದ್ದರಿಂದ ರಕ್ತ ಮುಟ್ಟುವ ಕೆಲಸದಲ್ಲಿ ಎಲ್ಲ ರೋಗಿಗಳಿಗೂ ಒಂದೇ ಎಚ್ಚರಿಕೆ ಇರಲಿ. ರಾಜನಾದರೂ ಸರಿ, ಬಡವನಾದರೂ ಸರಿ, ಕೈಗವಸು ಒಂದೇ.

ಎಷ್ಟು ದೊಡ್ಡ ಮಾತು! ಆದರೆ ನಮ್ಮಲ್ಲಿ ಎಷ್ಟೋ ಕಡೆ ಅದು ತಲೆಕೆಳಗಾಯಿತು. ಆಂಧ್ರ ಮತ್ತು ಕರ್ನಾಟಕ ಎರಡೂ ಎಚ್‌ಐವಿ ಹೆಚ್ಚಿದ್ದ ರಾಜ್ಯಗಳ ಪಟ್ಟಿಯಲ್ಲಿದ್ದವು. ಎಚ್‌ಐವಿ ಇದೆಯೆಂದು ತಿಳಿದವರಿಗೆ ಮಾತ್ರೆ ಕೊಡಲೂ ಎರಡೆರಡು ಗ್ಲೌಸ್, ಉಳಿದವರ ರಕ್ತ ಒರೆಸಲು ಬರಿಗೈ! ಎಲ್ಲರಿಗೂ ಸಮನಾಗಿ ಇರಬೇಕಿದ್ದ ಕೈಗವಸು ಕೆಲವರ ಪಾಲಿಗೆ ಹೊಸ ಮಡಿ-ಮೈಲಿಗೆಯಾಯಿತು. ಕಾನೂನಿನಲ್ಲಿ ಇದಕ್ಕೆ ಉತ್ತರ ಬಂದದ್ದು ತಡವಾಗಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದು ರೋಗಿಗಳನ್ನು ಭೇದದಿಂದ ಕಾಣುವುದನ್ನು ನಿಷೇಧಿಸಿತು. ಸೋಂಕು ತಗಲುವ ಸಂಭವವಿರುವ ಕೆಲಸಗಾರರಿಗೆ ರಕ್ಷಣೆಯ ಸಾಮಗ್ರಿಯನ್ನೂ ತರಬೇತಿಯನ್ನೂ ಕೊಡುವುದು ಸಂಸ್ಥೆಯ ಹೊಣೆ ಎಂದಿತು. ಎರಡನ್ನೂ ಒಂದೇ ಕಾಯ್ದೆ ಹೇಳಿದ್ದು ನನಗೆ ಮುಖ್ಯವೆನಿಸುತ್ತದೆ. ರೋಗಿ ಮತ್ತು ನರ್ಸ್ ಎದುರಾಳಿಗಳಲ್ಲ.

ಇನ್ನು ಆ ಹುಡುಗಿಯ ಒಡೆದ ಬೆರಳಿಗೆ ಬರೋಣ. ರಬ್ಬರ್ ಎಂದರೆ ಮರದ ಹಾಲು. ನಮ್ಮ ಸುಳ್ಯ, ಪುತ್ತೂರು, ಸುಬ್ರಹ್ಮಣ್ಯದ ಕಡೆ ಹೋದವರು ಆ ತೋಟಗಳನ್ನು ನೋಡಿರುತ್ತೀರಿ. 1964ರಲ್ಲಿ ಭಾರತ ಮತ್ತು ಶ್ರೀಲಂಕಾ ನಡುವೆ ಆದ ಒಪ್ಪಂದದಂತೆ ಅಲ್ಲಿಂದ ಮರಳಿದ ತಮಿಳು ಕುಟುಂಬಗಳಿಗೆ ಬದುಕು ಕೊಡಲೆಂದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಅಲ್ಲಿ ರಬ್ಬರ್ ಬೆಳೆಸಿತು. ಬೆಳಕು ಹರಿಯುವ ಮೊದಲೇ ತೊಗಟೆ ಕೀಸಿ, ಗೆರಟೆಗೋ ಬಟ್ಟಲಿಗೋ ಹನಿಹನಿಯಾಗಿ ಬೀಳುವ ಹಾಲು ಸಂಗ್ರಹಿಸುತ್ತಾರೆ. ಹೆಪ್ಪುಗಟ್ಟಿಸಿ ಶೀಟು ಮಾಡಿದರೆ ಅದು ಟೈರಿನ ದಾರಿ ಹಿಡಿಯುತ್ತದೆ. ಕೈಗವಸಿಗೆ ಬೇಕಾದದ್ದು ಹೆಪ್ಪುಗಟ್ಟದ ಹಾಲು. ಅಮೋನಿಯಾ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ನೀರಿನಂಶ ಕಡಿಮೆ ಮಾಡುತ್ತಾರೆ. ಕಾರ್ಖಾನೆಯಲ್ಲಿ ಪಿಂಗಾಣಿಯ ಕೈಗಳನ್ನು ಆ ಹಾಲಿನಲ್ಲಿ ಅದ್ದಿ, ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಕಾಯಿಸಿ ಸುಲಿದರೆ ಕೈಗವಸು.

ಆ ಹಾಲಿನಲ್ಲಿ ಕೆಲವು ಪ್ರೋಟೀನುಗಳಿವೆ. ತೊಳೆಯುವುದು ಸಾಲದಿದ್ದರೆ ಅವು ಕೈಗವಸಿನಲ್ಲೇ ಉಳಿಯುತ್ತವೆ. ಕೆಲವರಿಗೆ ಅದು ಒಗ್ಗದೆ ತುರಿಕೆ, ದದ್ದು ಏಳುತ್ತದೆ. ಅಪರೂಪಕ್ಕೆ ಉಸಿರು ಕಟ್ಟುವಷ್ಟು ತೀವ್ರವಾಗುವುದೂ ಉಂಟು. ಎಚ್‌ಐವಿ ಭಯದಿಂದ ಕೈಗವಸಿನ ಬಳಕೆ ಏರಿದ ಮೇಲೆ, 1990ರ ದಶಕದಲ್ಲಿ, ಆಸ್ಪತ್ರೆ ಸಿಬ್ಬಂದಿಯಲ್ಲಿ ಇದು ದೊಡ್ಡ ಸಮಸ್ಯೆಯಾಯಿತು. ಪುಡಿ ಆ ಪ್ರೋಟೀನನ್ನು ಹೊತ್ತು ಗಾಳಿಗೆ ಹಾರಿಸುತ್ತಿತ್ತು. ಬಾಳೆಹಣ್ಣು, ಪಪ್ಪಾಯಿ, ಕಿವಿ ಹಣ್ಣು ಒಗ್ಗದ ಕೆಲವರಿಗೆ ರಬ್ಬರೂ ಒಗ್ಗುವುದಿಲ್ಲ. ಆಪರೇಷನ್ನಿಗೆ ಮೊದಲು ಇದನ್ನು ವೈದ್ಯರಿಗೆ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಒಡೆದ ಬೆರಳೆಲ್ಲ ರಬ್ಬರಿನ ಅಲರ್ಜಿಯಲ್ಲ. ಗಂಟೆಗಟ್ಟಲೆ ಬೆವರು, ಮೇಲಿಂದ ಮೇಲೆ ಸೋಪು, ರಬ್ಬರಿಗೆ ಬೆರೆಸುವ ರಾಸಾಯನಿಕ, ಯಾವುದರಿಂದಲೂ ಚರ್ಮ ಹೀಗಾಗಬಹುದು. ಆ ಹುಡುಗಿ ಚರ್ಮದ ವೈದ್ಯರಿಗೆ ತೋರಿಸಬೇಕು. ರಬ್ಬರ್ ಹಾಲೇ ಕಾರಣವಾದರೆ ಅದಿಲ್ಲದ ನೈಟ್ರೈಲ್ ಕೈಗವಸು ಸಿಗುತ್ತದೆ. 130 ವರ್ಷಕ್ಕೂ ಹಿಂದೆ ಕ್ಯಾರೊಲಿನ್‌ಗೆ ಸಿಕ್ಕ ಕಾಳಜಿ ಇವಳಿಗೂ ಸಿಗಬೇಕಲ್ಲವೇ?

ಕೈಗವಸು ಮಾಡುವ ಕೈಗಳಿಗೂ ಆ ಕಾಳಜಿ ಬೇಕು. ಕೊರೊನಾ ಕಾಲದಲ್ಲಿ ಜಗತ್ತೆಲ್ಲ ಕೈಗವಸಿಗೆ ಮುಗಿಬಿದ್ದಾಗ, ಅತಿ ಹೆಚ್ಚು ಕೈಗವಸು ತಯಾರಿಸುವ ಮಲೇಷ್ಯಾದಲ್ಲಿ, 2020ರ ನವೆಂಬರ್ ಹೊತ್ತಿಗೆ, ಇಕ್ಕಟ್ಟಿನ ವಸತಿಗಳಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಸೋಂಕು ತಗಲಿತ್ತು.

ಇಷ್ಟೆಲ್ಲ ಆಗಿ, ಕೈಗವಸು ಎಷ್ಟು ನಂಬಿಗಸ್ತ? ಕಾರ್ಖಾನೆಯಲ್ಲಿ ಪರೀಕ್ಷೆ ಸರಳವಾಗಿದೆ. ಮಾದರಿ ಕೈಗವಸನ್ನು ತೂಗುಹಾಕಿ, ಒಂದು ಲೀಟರ್ ನೀರು ತುಂಬಿ, ಎರಡು ನಿಮಿಷ ಸೋರುತ್ತದೆಯೇ ಎಂದು ನೋಡುತ್ತಾರೆ. ಒಂದೂ ಸೋರಬಾರದು ಎಂದು ಯಾವ ಮಾನದಂಡವೂ ಹೇಳುವುದಿಲ್ಲ. ಬಹಳ ಕಡಿಮೆ ಪ್ರಮಾಣದ ಸೋರಿಕೆಗೆ ಒಪ್ಪಿಗೆ ಇದೆ. ಆಪರೇಷನ್ ನಡುವೆಯೂ ಸೂಜಿ, ಎಲುಬಿನ ಚೂರು ತಾಗಿ ತೂತಾಗುತ್ತದೆ, ಹಾಕಿಕೊಂಡವರಿಗೆ ಎಷ್ಟೋ ಸಲ ಅರಿವಿಗೇ ಬರುವುದಿಲ್ಲ. ಅದಕ್ಕೇ ಶಸ್ತ್ರವೈದ್ಯರು ಒಂದರ ಮೇಲೊಂದು ಎರಡು ಜೊತೆ ತೊಡುವುದುಂಟು. ಒಳಗಿನದಕ್ಕೆ ತೂತು ಬೀಳುವುದು ಆಗ ಬಹಳ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅಂದರೆ ಕೈಗವಸಿನ ಒಳಗಿನ ಕೈಯೂ ತೊಳೆದ ಕೈಯೇ ಆಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದನ್ನೇ. ಕೈಗವಸು ಕೈ ತೊಳೆಯುವುದಕ್ಕೆ ಬದಲಿಯಲ್ಲ. ಹಾಕುವ ಮೊದಲೂ, ಕಳಚಿದ ಮೇಲೂ ಕೈ ಶುಚಿ ಮಾಡಬೇಕು. ಒಬ್ಬ ರೋಗಿಗೆ ಹಾಕಿದ್ದು ಇನ್ನೊಬ್ಬರಿಗಲ್ಲ. 1847ರ ಸೆಮ್ಮೆಲ್‌ವೈಸನ ಮಾತಿಗೇ ತಿರುಗಿ ಬಂದಂತಾಯಿತು!

ಹಾಗಾದರೆ ಅಮ್ಮ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಸರಿಯಾಗಿ ಬಳಸಿದ ಕೈಗವಸು ಇಬ್ಬರನ್ನೂ ಕಾಯುತ್ತದೆ. ಮಂಚದಿಂದ ಮಂಚಕ್ಕೆ ಓಡಾಡಿದ ಕೈಗವಸು ಹಾಕಿಕೊಂಡವರನ್ನು ಅಷ್ಟಿಷ್ಟು ಕಾಯಬಹುದು, ರೋಗಿಯ ಪಾಲಿಗೆ ಅದು ತೊಳೆಯದ ಕೈಯೇ. ನೀವು ಖಂಡಿತ ಕೇಳಬಹುದು. ಗಾಯದ ಬಟ್ಟೆ ಬಿಚ್ಚುವ ಮೊದಲು, ನಗುಮುಖದಿಂದ, "ಅಮ್ಮಾ, ಗ್ಲೌಸ್ ಮಾರ್ಚಂಡಿ" ಎಂದರೆ ಸಾಕು. ಅಷ್ಟು ತೆಲುಗು ನಿಮಗೆ ಬಂದೇ ಬರುತ್ತದೆ. ಕೇಳಿದರೆ ಅವಳಿಗೆ ಬೇಸರವಾಗಬಹುದೆಂದು ಅಂಜಬೇಡಿ. ಒಂದು ವೇಳೆ "ಡಬ್ಬಿಯಲ್ಲಿ ಗ್ಲೌಸ್ ಮುಗಿದಿದೆ" ಎಂದು ಅವಳು ಹೇಳಿದರೆ ತಪ್ಪು ಅವಳದಲ್ಲ. ಆಗ ಕೇಳಬೇಕಾದದ್ದು ಮೇಲಿನವರನ್ನು, ಅವಳ ಪರವಾಗಿಯೂ ಸೇರಿಸಿ. ಹಾಗೇ ಅವಳ ಬೆರಳಿಗೆ ಏನಾಗಿದೆ ಎಂದು ಒಂದು ಮಾತು ವಿಚಾರಿಸಿ. ಈ ಕೈಗವಸಿನ ಕಥೆ ಶುರುವಾದದ್ದೇ ಯಾರೋ ಒಬ್ಬರು ನರ್ಸಿನ ಕೈಯನ್ನು ಗಮನಿಸಿ ನೋಡಿದ್ದರಿಂದ.

ಯಜಮಾನರು ಬೇಗ ಗುಣವಾಗಲಿ. ಎದ್ದು ಓಡಾಡುವಂತಾದ ಮೇಲೆ ಅವರಿಗಿಷ್ಟದ ಹಾಡು ಯಾವುದೆಂದು ಬರೆದು ಕಳಿಸಿ, ಮರೆಯದೆ ಹಾಕುತ್ತೇವೆ. ಮತ್ತೆ ಭೇಟಿಯಾಗೋಣ, ನಮಸ್ಕಾರ.